ಸ್ಟಿಲ್ ಅಂದರೆ ಇನ್ನೂ

ಮಂಡ್ಯ
೨೨ ಜೂನ್ ೧೯೪೧

ಅತ್ತೆಯವರಿಗೆ ಹೊಂಬಾಳಮ್ಮನ ನಮಸ್ಕಾರ.

ಸುಖವಾಗಿ ತಲುಪಿದೆ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಮದ್ದೂರಿಗೆ ಬಂದಾಗ ಒಂದು ರೈಲು ಹೊರಟುಹೋಗಿತ್ತು. ಸ್ಟೇಷನ್ನಿನಲ್ಲೇ ಕೂತು ನೀವು ಕಟ್ಟಿಕೊಟ್ಟ ರೊಟ್ಟಿ ತಿಂದೆ. ಮುಂದಿನ ರೈಲಿಗೆ ಮಂಡ್ಯ ಸೇರಿದೆ.

ಸೂಲಗಿತ್ತಿ ತರಬೇತಿಗೆ ನಾವು ಎಂಟು ಜನ ಹೆಂಗಸರು. ಆಸ್ಪತ್ರೆಯ ಹಿಂದೆ ಒಂದು ಉದ್ದನೆಯ ಕೋಣೆ ಕೊಟ್ಟಿದ್ದಾರೆ. ಕಲಿಸುವವರು ಕಾಮಾಕ್ಷಮ್ಮ ಅಂತ ದೊಡ್ಡ ನರ್ಸು. ಮೊದಲ ದಿನವೇ ಒಬ್ಬೊಬ್ಬರ ವಿಚಾರ ಕೇಳಿದರು. ಜ್ವರದಲ್ಲಿ ನನ್ನ ಯಜಮಾನರು ಹೋಗಿ ಮೂರು ವರ್ಷವಾಯಿತು, ಐದು ವರ್ಷದ ಮಗಳನ್ನು ಕಿರುಗಾವಲಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೇನೆ, ಅತ್ತೆ ಊರಿನ ಸೂಲಗಿತ್ತಿ, ಅವರ ಹಿಂದೆ ಓಡಾಡಿ ಹೆರಿಗೆ ಕೆಲಸ ನೋಡಿದ್ದೇನೆ ಎಂದು ಹೇಳಿದೆ. ಕಳುಹಿಸಿದವರು ಯಾರು ಎಂದರು. ಅತ್ತೆಯೇ ಎಂದೆ. ಅವರು ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದರು.

ಆಮೇಲೆ ಅವರು ಹೇಳಿದ ಮಾತಿನಿಂದ ಎದೆ ಒಡೆದಿದೆ. ಪಾಠವೆಲ್ಲ ಕನ್ನಡದಲ್ಲೇ ನಡೆಯುತ್ತದಂತೆ. ಆದರೆ ಹೆರಿಗೆಯ ರಿಜಿಸ್ಟರು ಇಂಗ್ಲಿಷಿನಲ್ಲಿ ಬರೆಯಬೇಕು. ವರ್ಷದ ಕೊನೆಗೆ ಹೊರಗಿನಿಂದ ಬರುವ ಡಾಕ್ಟರು ಇಂಗ್ಲಿಷಿನಲ್ಲೇ ಪ್ರಶ್ನೆ ಹಾಕುತ್ತಾರೆ. ಉತ್ತರ ಹೇಳದವರಿಗೆ ಸರ್ಟಿಫಿಕೇಟು ಇಲ್ಲ. ಮಿಕ್ಕ ಏಳು ಜನವೂ ಮಿಡಲ್ ಸ್ಕೂಲ್ ಮೆಟ್ಟಿಲು ಹತ್ತಿದವರು. ನಾಲ್ಕನೇ ಕ್ಲಾಸಿಗೆ ನಿಂತವಳು ನಾನೊಬ್ಬಳೇ. ನನಗೆ ಎ ಯಾವುದು ಬಿ ಯಾವುದು ಎಂಬುದೇ ಗೊತ್ತಿಲ್ಲ.

ಸುಮ್ಮನೆ ಒಂದು ವರ್ಷ ಕಳೆದು ಬರಿಗೈಯಲ್ಲಿ ಬರುವುದಕ್ಕಿಂತ ಈಗಲೇ ಬಂದುಬಿಡಲೇ? ನೀವು ಹೂಂ ಅಂದರೆ ಹೊರಡುತ್ತೇನೆ. ಬೆಳ್ಳಿ ನನ್ನನ್ನು ಕೇಳುತ್ತಾಳೆಯೇ?

ನಿಮ್ಮ ಸೊಸೆ
ಹೊಂಬಾಳಮ್ಮ


ಕಿರುಗಾವಲು
೩ ಜುಲೈ ೧೯೪೧

ಮಗ ಹೊಂಬಾಳಿ,

ನಿನ್ ಕಾಗ್ದ ಬಂತು. ಮೇಸ್ಟ್ರು ಎರಡು ಸಲ ಓದಿ ಯೋಳುದ್ರು. ನಾನು ಯೋಳೋದ್ನ ಅಂಗಂಗೇ ಬರೀರಿ, ಚೆಂದ ಮಾಡ್ಬ್ಯಾಡಿ ಅಂದಿವ್ನಿ.

ನಾನು ಹೂಂ ಅನ್ನಾಕಿಲ್ಲ. ಬರಬ್ಯಾಡ. ನೀನು ಮದ್ವೆಯಾಗಿ ಬಂದಾಗ ನಿಂಗೆ ಹೊಕ್ಕುಳ ಬಳ್ಳಿ ಕಟ್ಟೋದು ಗೊತ್ತಿತ್ತಾ? ಕಲ್ತೆ ತಾನೆ. ಅದೂ ನನ್ನಂಥೋಳ ಕೈಲಿ ಬೈಸ್ಕೊಂಡು ಕಲ್ತೆ. ಇದ್ನೂ ಕಲ್ತ್ಕೊ. ಯಾಕೆ ಕಳಿಸ್ದೆ ಅಂತ ನನ್ನ ಕೇಳ್ಬ್ಯಾಡ. ಕಳಿಸಿವ್ನಿ, ಆಯ್ತು.

ಬೆಳ್ಳಿ ಮೊದ್ಲು ಮೂರು ದಿನ ಬಾಗ್ಲಲ್ಲಿ ಕೂತು ಬಸ್ಸಿನ ದಾರಿ ನೋಡುದ್ಲು. ನಾಕನೇ ದಿನ ಕರ ಹಾಕಿರೋ ಎಮ್ಮೆ ಹಿಂದೆ ಓಡುದ್ಲು. ಈಗ ಎಮ್ಮೆಗೂ ಅವ್ಳಿಗೂ ದೋಸ್ತಿ. ಚೆನ್ನಾಗವ್ಳೆ. ಉಣ್ತಾಳೆ. ನೀನೂ ಹೊಟ್ಟೆ ತುಂಬ ಉಣ್ಣು.

ಪಟ್ಟಲಮ್ಮ

ಬರೆದುಕೊಟ್ಟವನ ಎರಡು ಮಾತು: ತಂಗಿ, ಬರೆದವನು ನಾನೇ, ನಮ್ಮ ಶಾಲೆಯ ಮೇಷ್ಟ್ರು ಹೊನ್ನಯ್ಯ. ಇದರ ಜೊತೆ ನನ್ನ ಹಳೆಯ ಇಂಗ್ಲಿಷ್ ಬಾಲಬೋಧೆಯನ್ನು ಕಳುಹಿಸಿದ್ದೇನೆ. ದಿನಕ್ಕೆ ಐದು ಪದ ಸಾಕು, ಐದನ್ನು ಬಿಡಬೇಡ. ಇನ್ನೊಂದು. "ಯಾಕೆ ಕಳಿಸ್ದೆ ಅಂತ ಕೇಳ್ಬ್ಯಾಡ" ಎಂದ ಮೇಲೆ ನಿಮ್ಮ ಅತ್ತೆ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಬರೆಯುವುದು ಮುಗಿಯಿತೇನೋ ಅಂದುಕೊಂಡೆ.


ಮಂಡ್ಯ
೧೭ ಆಗಸ್ಟ್ ೧೯೪೧

ಅತ್ತೆಯವರಿಗೂ ಮೇಷ್ಟ್ರಿಗೂ ನಮಸ್ಕಾರ.

ಬರಲಿಲ್ಲ, ಇದ್ದೇನೆ. ಪುಸ್ತಕ ನನ್ನ ದಿಂಬಿನ ಕೆಳಗಿದೆ. ಇಪ್ಪತ್ತಾರು ಅಕ್ಷರ ಬರುತ್ತವೆ. ಅವುಗಳಲ್ಲೇ ದೊಡ್ಡದು ಬೇರೆ, ಚಿಕ್ಕದು ಬೇರೆ, ಕೂಡಿಸಿ ಬರೆಯುವುದು ಬೇರೆ. ಒಂದು ಅಕ್ಷರಕ್ಕೆ ಒಂದೇ ಸದ್ದು ಎಂದು ನಂಬಿ ಕೂತರೆ ಮೋಸ ಹೋಗುತ್ತೇವೆ. ನೈಫ್ ಅನ್ನುವುದಕ್ಕೆ ಮೊದಲು ಕೆ ಬರೆಯಬೇಕಂತೆ, ಬರೆದು ಅದನ್ನು ಅನ್ನಬಾರದಂತೆ. ಅನ್ನದಿದ್ದ ಮೇಲೆ ಯಾಕೆ ಬರೆಯಬೇಕು ಎಂದು ಕೇಳಿದೆ. ಕಾಮಾಕ್ಷಮ್ಮನವರು "ಮನೆಗೆ ಬಂದ ಮುದುಕರ ಹಾಗೆ, ಮಾತಾಡದಿದ್ದರೂ ಮಣೆ ಹಾಕಬೇಕು" ಎಂದರು.

ನಾವು ಕೂಸನ್ನು ಎತ್ತಿಕೊಂಡೆ ಅನ್ನುತ್ತೇವೆ, ಮಾಡಿದ ಕೆಲಸ ಕೊನೆಗೆ ಬರುತ್ತದೆ. ಇವರಲ್ಲಿ ಎತ್ತಿಕೊಳ್ಳುವುದು ಮೊದಲು, ಕೂಸು ಆಮೇಲೆ. ಎ ಅಂತಲೂ ದಿ ಅಂತಲೂ ಎರಡು ಚಿಕ್ಕ ಮಾತುಗಳು ಎಲ್ಲದರ ಮುಂದೆಯೂ ಬರುತ್ತವೆ. ಎ ಎಂದರೆ ಯಾವುದೋ ಒಂದು, ದಿ ಎಂದರೆ ನಮಗೆ ಗೊತ್ತಿರುವ ಒಂದು. ಇದು ನನಗೆ ಹತ್ತು ದಿನ ತಲೆಗೆ ಹೋಗಲಿಲ್ಲ. ಒಂದು ದಿನ ಹೆರಿಗೆ ಕೋಣೆಯಲ್ಲಿ ತಾನಾಗಿ ಹೋಯಿತು. ಹೊಟ್ಟೆಯಲ್ಲಿರುವವರೆಗೆ ಎ ಬೇಬಿ, ತಾಯಿ ಒಂದು ಸಲ ಮುಖ ನೋಡಿದ ಮೇಲೆ ದಿ ಬೇಬಿ. ಹೀಗೆಂದು ಹೇಳಿದಾಗ ಕಾಮಾಕ್ಷಮ್ಮನವರು ವ್ಯಾಕರಣದ ಪುಸ್ತಕದಲ್ಲಿ ಹಾಗಿಲ್ಲ ಎಂದರು, ತಪ್ಪು ಅಂತಲೂ ಅನ್ನಲಿಲ್ಲ.

ಕೂಸಿಗೆ ಅವರೂ ನಮ್ಮ ಹಾಗೇ "ಅದು" ಅನ್ನುತ್ತಾರೆ, ಇಟ್. ಮಿಡಲ್ ಸ್ಕೂಲಿನವರು ಹೀ ಅನ್ನಬೇಕೋ ಶೀ ಅನ್ನಬೇಕೋ ಎಂದು ತಡವರಿಸುತ್ತಿದ್ದಾಗ ನಾನು ಸರಿಯಾಗಿ ಹೇಳಿದೆ. ಬಂದ ಮೇಲೆ ಅದೊಂದೇ ಸಲ ನಾನು ಮೊದಲು.

ಹೆರಿಗೆ ಬೇನೆಗೆ ಲೇಬರ್ ಅನ್ನುತ್ತಾರೆ. ಸಕ್ಕರೆ ಫ್ಯಾಕ್ಟರಿಯ ಗೇಟಿನ ಹತ್ತಿರ ಒಂದು ಬೋರ್ಡಿನಲ್ಲೂ ಅದೇ ಮಾತು ಓದಿ, ಇಲ್ಲೂ ಹೆರಿಗೆ ಮಾಡಿಸುತ್ತಾರೆಯೇ ಎಂದು ಜೊತೆಯವರನ್ನು ಕೇಳಿ ನಗೆಪಾಟಲಾದೆ. ದುಡಿಮೆಗೂ ಅದೇ ಮಾತಂತೆ. ನೀವಾದರೆ ನೋವಿಗೆ ಚಳುಕು, ಸೆಳೆತ, ಒತ್ತು, ಮುಕ್ಕು ಎಂದು ಎಷ್ಟೊಂದು ಹೆಸರು ಹೇಳಿಕೊಟ್ಟಿದ್ದೀರಿ. ಇಲ್ಲಿ ಎಲ್ಲಕ್ಕೂ ಪೇನ್. ಅದರಲ್ಲಿ ನನಗೆ ಎಷ್ಟೋ ಸುಲಭವಾಯಿತು.

ಹೊಂಬಾಳಮ್ಮ


ಕಿರುಗಾವಲು
೯ ಸೆಪ್ಟೆಂಬರ್ ೧೯೪೧

ಮಗ ಹೊಂಬಾಳಿ,

ಲೇಬರ್ ಅಂತ ಸರ್ಯಾಗೇ ಎಸರು ಇಟ್ಟವ್ರೆ. ದುಡಿಮೆ ಅಲ್ದೆ ಇನ್ನೇನು ಅದು. ಗಂಡಸ್ರಿಗೆ ಅದ್ನ ಕನ್ನಡ್ದಲ್ಲಿ ಯೋಳುದ್ರೆ ತಿಳಿಯಾಕಿಲ್ಲ, ಇಂಗ್ಲೀಸಲ್ಲಾದ್ರೂ ತಿಳೀಲಿ.

ಎಮ್ಮೆ ಕರ ಚೆನ್ನಾಗದೆ. ಬೆಳ್ಳಿಗೆ ಮೇಸ್ಟ್ರು ಸ್ಲೇಟು ಕೊಟ್ಟವ್ರೆ. ಅವ್ಳು ಅದ್ರ ಮೇಲೆ ಎಮ್ಮೆ ಬರೀತಾಳೆ.

ಒಂದು ಮಾತು ಕೇಳ್ಬೇಕು. ಹೆತ್ತ ಮೇಲೆ ನೆತ್ತರು ನಿಲ್ದಂಗೆ ಓಯ್ತಾ ಇದ್ರೆ ಅಲ್ಲಿ ಏನ್ ಮಾಡ್ತಾರೆ? ಮದ್ದು ಅದಾ? ಅದಕ್ಕೆ ಇಂಗ್ಲೀಸಲ್ಲಿ ಏನಂತಾರೆ? ಬರಿ.

ಪಟ್ಟಲಮ್ಮ

ತಂಗಿ, ಕಡೆಯ ಪ್ರಶ್ನೆಯನ್ನು ಅವರು ಕಾಗದ ಮುಗಿಸಿ ಎದ್ದು ಬಾಗಿಲವರೆಗೆ ಹೋಗಿ, ತಿರುಗಿ ಬಂದು ಬರೆಸಿದರು. ಹೊನ್ನಯ್ಯ.


ಮಂಡ್ಯ
೨೮ ಸೆಪ್ಟೆಂಬರ್ ೧೯೪೧

ಅತ್ತೆಯವರಿಗೆ ನಮಸ್ಕಾರ.

ನೀವು ಕೇಳಿದ್ದಕ್ಕೆ ಇಲ್ಲಿ ಬ್ಲೀಡಿಂಗ್ ಅನ್ನುತ್ತಾರೆ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಚೀಲ ಗಟ್ಟಿಯಾಗುವವರೆಗೆ ಉಜ್ಜುತ್ತಾರೆ, ಡಾಕ್ಟರು ಸೂಜಿಮದ್ದು ಕೊಡುತ್ತಾರೆ. ಎಲ್ಲರಿಗೂ ನಿಲ್ಲುವುದಿಲ್ಲ. ಬೇಗ ಬಂದವರಿಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಕಾಮಾಕ್ಷಮ್ಮನವರು ಎಲ್ಲಕ್ಕಿಂತ ಮೊದಲು ನಮಗೆ ಕಲಿಸಿದ್ದು ಇದನ್ನೇ.

ಕಾಮಾಕ್ಷಮ್ಮನವರು ಈಗ ರಿಜಿಸ್ಟರಿನಲ್ಲಿ ತಾರೀಕು ಮತ್ತು ತೂಕ ಬರೆಯಲು ನನಗೆ ಬಿಡುತ್ತಾರೆ. ಮೇಷ್ಟ್ರೇ, ನಿಮ್ಮ ಪುಸ್ತಕ ಮುಕ್ಕಾಲು ಮುಗಿಯಿತು. ಇಟ್ ಈಸ್ ಸ್ಟಿಲ್ ರೈನಿಂಗ್, ಇನ್ನೂ ಮಳೆ ಬರುತ್ತಿದೆ, ಅಲ್ಲಿಗೆ ಬಂದಿದ್ದೇನೆ. ಇಲ್ಲಿ ನಿಜವಾಗಿಯೂ ಬರುತ್ತಿದೆ.

ಹೊಂಬಾಳಮ್ಮ


ಮಂಡ್ಯ
೧೧ ಡಿಸೆಂಬರ್ ೧೯೪೧

ಅತ್ತೆಯವರಿಗೆ,

ಈ ಕಾಗದವನ್ನು ಮೇಷ್ಟ್ರು ನಿಮಗೊಬ್ಬರಿಗೇ ಓದಿ ಹೇಳಲಿ.

ಸೋಮವಾರ ಬೆಳಿಗ್ಗೆ ಬಸರಾಳಿನಿಂದ ಬೀರಮ್ಮ ಎಂಬ ಹೆಂಗಸು ಮಗಳನ್ನು ಗಾಡಿಯಲ್ಲಿ ಕರೆತಂದರು. ಮದುವೆಯಾಗಿ ಏಳು ವರ್ಷಕ್ಕೆ ಮೊದಲ ಬಸಿರು. ಮಗಳನ್ನು ಒಳಗೆ ಕರೆದುಕೊಂಡರು, ತಾಯಿ ಜಗಲಿಯಲ್ಲಿ ಕೂತರು. ನನಗೆ ಆ ದಿನ ಹೊರಗೆ ಸಾಮಾನು ಕುದಿಸುವ ಕೆಲಸ. ಮಧ್ಯಾಹ್ನ ಒಳಗಿನ ಮೇಜಿನ ಮೇಲೆ ರಿಜಿಸ್ಟರು ತೆರೆದು ಬಿದ್ದಿತ್ತು. ಬೀರಮ್ಮ ನನ್ನ ಸೆರಗು ಹಿಡಿದು, ಏನಾಯ್ತು ನೋಡಿ ಹೇಳವ್ವ, ನಿಂಗೆ ಓದಕ್ಕೆ ಬತ್ತದಲ್ಲ ಎಂದರು. ಹೌದು, ಬರುತ್ತದೆ ಎಂದೆ. ಹೋಗಿ ನೋಡಿದೆ. ಅವರ ಮಗಳ ಹೆಸರಿನ ಮುಂದೆ ಕಾಮಾಕ್ಷಮ್ಮನವರ ಅಕ್ಷರದಲ್ಲಿ ಸ್ಟಿಲ್ ಬಾರ್ನ್ ಎಂದು ಇತ್ತು. ಸ್ಟಿಲ್ ಅಂದರೆ ಇನ್ನೂ. ಬಾರ್ನ್ ಅಂದರೆ ಹುಟ್ಟುವುದು. ಎರಡೂ ನನಗೆ ಗೊತ್ತಿದ್ದ ಪದಗಳು. ಯಾರನ್ನೂ ಕೇಳದೆ ಓದಿದೆನಲ್ಲಾ ಎಂದು ಹಿಗ್ಗಿದೆ. ಹೊರಗೆ ಬಂದು, "ಇನ್ನೂ ಹುಟ್ಟುತ್ತಾ ಇದೆ ಅವ್ವ, ಗಾಬರಿ ಬೇಡ" ಎಂದೆ.

ಅವರು ಗಾಡಿಯವನನ್ನು ಊರಿಗೆ ಕಳುಹಿಸಿದರು, ಸಂಜೆಯ ಹೊತ್ತಿಗೆ ನೀರು ಕಾಯಿಸಿ ಇಡಲು ಹೇಳು ಎಂದು. ತಂದಿದ್ದ ಹಳೆಯ ಸೀರೆ ಬಿಚ್ಚಿ ಕೂಸಿಗೆ ಬಟ್ಟೆ ಹರಿದು ಹರಿದು ಮಡಿಸಿ ಇಟ್ಟರು. ನಾನೂ ಎರಡು ಮಡಿಸಿಕೊಟ್ಟೆ.

ಎರಡು ಗಂಟೆ ಕಳೆದ ಮೇಲೆ ಕಾಮಾಕ್ಷಮ್ಮನವರು ಹೊರಗೆ ಬಂದರು. ಅಷ್ಟು ಹೊತ್ತೂ ಅವರು ಮಗಳ ಜೀವ ಉಳಿಸಲು ಒದ್ದಾಡುತ್ತಿದ್ದರು, ಉಳಿಸಿದರು. ಕೂಸು ಹುಟ್ಟುವ ಮೊದಲೇ ಹೋಗಿತ್ತು. ಹಾಗೆಂದು ಅವರು ಹೇಳುತ್ತಿದ್ದಾಗ ಬೀರಮ್ಮ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ಮಡಿಸಿದ ಬಟ್ಟೆಗಳನ್ನು ಗಂಟು ಕಟ್ಟಿದರು.

ಸ್ಟಿಲ್ ಎಂದರೆ ಅಲುಗದೆ ಇರುವುದು, ಸದ್ದಿಲ್ಲದೆ ಇರುವುದು ಅಂತಲೂ ಇದೆಯಂತೆ. ಕಾಮಾಕ್ಷಮ್ಮನವರು ಅಷ್ಟೇ ಹೇಳಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅರ್ಧ ಕಲಿತವಳು ಏನೂ ಕಲಿಯದವಳಿಗಿಂತ ಕೆಟ್ಟವಳು. ಇದು ನನ್ನ ಕೆಲಸವಲ್ಲ ಅತ್ತೆ. ಮುಂದಿನ ವಾರ ಬಂದುಬಿಡುತ್ತೇನೆ. ಈ ಸಲ ನಿಮ್ಮನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಹೊಂಬಾಳಮ್ಮ


ಕಿರುಗಾವಲು
೧೪ ಡಿಸೆಂಬರ್ ೧೯೪೧

ಮಗ,

ಈ ಕಾಗ್ದ ಟಪಾಲಿಗೆ ಹಾಕ್ಬ್ಯಾಡಿ, ಮಂಡ್ಯಕ್ಕೆ ಓಗೋ ಆಳ ಕೈಲಿ ಕೊಡಿ ಅಂತ ಮೇಸ್ಟ್ರಿಗೆ ಯೋಳಿವ್ನಿ. ನೀನು ಹೊರಡೋಕೆ ಮುಂಚೆ ಸೇರ್ಬೇಕು.

ಸೋಮಿ ವಿಸ್ಯ ನಿಂಗೆ ಗೊತ್ತಿರೋದು ಇಷ್ಟೇ. ನಂಗೊಬ್ಳು ಮಗ್ಳಿದ್ಲು, ಸೋಮಮ್ಮ, ಹೆರಿಗೇಲಿ ತೀರ್ಕೊಂಡ್ಲು. ಹೆರಿಗೆ ಮಾಡ್ಸಿದ್ದು ನಾನೇ ಅನ್ನೋದ್ನೂ ಊರು ಯೋಳಿರ್ಬೋದು. ಮಿಕ್ಕಿದ್ನ ಯಾರೂ ಯೋಳಿರಾಕಿಲ್ಲ. ಯಾಕಂದ್ರೆ ಯಾರಿಗೂ ಗೊತ್ತಿಲ್ಲ.

ಕೂಸು ಬೆಳಿಗ್ಗೇನೇ ಆಯ್ತು. ಕೂಸೂ ಉಳೀನಿಲ್ಲ. ಆಮೇಲೆ ನೆತ್ತರು ನಿಲ್ನಿಲ್ಲ. ಹೊರಗೆ ಅಳಿಯ ನಿಂತಿದ್ದ. ಗಾಡಿ ಕಟ್ಲಾ ಅತ್ತೆ, ಮಳವಳ್ಳಿ ಆಸ್ಪತ್ರೆಗೆ ಓಗೋವ ಅಂತ ಮೂರು ಸಲ ಕೇಳ್ದ. ಬ್ಯಾಡ, ಇನ್ನೇನು ಆಯ್ತು ಅಂದೆ. ಮೂರು ಸಲಾನೂ ಅಂಗೇ ಅಂದೆ. ನನ್ ಕೈ ಮೇಲೆ ನಂಗೆ ಅಷ್ಟು ಸೊಕ್ಕು ಕಣವ್ವ. ಈ ಊರ ಕೂಸೆಲ್ಲ ಬಂದಿದ್ದು ಈ ಕೈಗೆ, ನನ್ ಮಗ್ಳನ್ನ ಬ್ಯಾರೆಯೋರ ಕೈಗೆ ಕೊಡ್ಲಾ ಅಂತ. ಅವ್ಳ ಜೀವ ಓದ್ಮೇಲೂ ಬಾಗ್ಲು ತೆಗೀನಿಲ್ಲ. ಅಳಿಯ ನಾಕ್ನೇ ಸಲ ಕೇಳ್ದ. ಇನ್ನೇನು ಆಯ್ತು ಅಂದೆ.

ನೀನು ತಿಳೀದೆ ಯೋಳ್ದೆ. ನಾನು ತಿಳಿದೂ ಯೋಳ್ದೆ.

ಯಾಕೆ ಕಳಿಸ್ದೆ ಅಂತ ಕೇಳ್ಬ್ಯಾಡ ಅಂದಿದ್ನಲ್ಲ, ಇದಕ್ಕೇ ಕಳಿಸಿದ್ದು. ಆಸ್ಪತ್ರೇಲಿ ಏನದೆ ಅಂತ ನಮ್ ಮನೇಲಿ ಒಬ್ರಿಗಾದ್ರೂ ಗೊತ್ತಿರ್ಲಿ ಅಂತ.

ನೀನು ಇಲ್ಲಿಗೆ ಬರಬ್ಯಾಡ. ಬಸರಾಳಿಗೆ ಓಗು. ಆ ಹೆಂಗಸಿನ ಮುಂದೆ ಕೂತ್ಕೊ. ಬೈದ್ರೆ ಬೈಸ್ಕೊ. ನಾನು ಹನ್ನೊಂದು ವರ್ಸದಿಂದ ಅಳಿಯನ ಮನೆ ಬಾಗ್ಲಿಗೆ ಓಗಿಲ್ಲ. ನೀನು ನನ್ನಂಗೆ ಆಗ್ಬ್ಯಾಡ.

ಪಟ್ಟಲಮ್ಮ

ತಂಗಿ, ಅವರು ಹೇಳಿದಂತೆಯೇ ಬರೆದಿದ್ದೇನೆ. ನಾನು ಈ ಊರಿಗೆ ಬಂದು ಹದಿನಾರು ವರ್ಷ, ನನಗೂ ಈ ದಿನವೇ ತಿಳಿದದ್ದು. ನಾನು ಕಳುಹಿಸಿದ ಪುಸ್ತಕದಲ್ಲಿ ಸ್ಟಿಲ್ ಎಂಬುದಕ್ಕೆ ಒಂದೇ ಅರ್ಥ ಇದೆ. ಮಕ್ಕಳಿಗೆ ನಾನೂ ಅದೊಂದನ್ನೇ ಹೇಳಿಕೊಡುತ್ತ ಬಂದೆ, ಇನ್ನೊಂದು ಅರ್ಥ ನನಗೆ ಗೊತ್ತಿದ್ದೂ. ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟಿದ್ದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಹೊನ್ನಯ್ಯ.


ಮಂಡ್ಯ
೪ ಜನವರಿ ೧೯೪೨

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿದಾಗ ನನ್ನ ಟ್ರಂಕು ಕಟ್ಟಿಟ್ಟಿತ್ತು. ಓದಿ, ಬಿಚ್ಚಿದೆ. ನೀವು ಬರೆಸಿದ್ದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಎದುರಿಗೆ ಬಂದಾಗ ನಿಮ್ಮ ಪಕ್ಕ ಕೂರುತ್ತೇನೆ.

ಕಾಮಾಕ್ಷಮ್ಮನವರನ್ನು ಒಂದು ದಿನದ ರಜೆ ಕೇಳಿದೆ. ಯಾಕೆಂದು ಹೇಳಿದೆ. ಅವರು ಬಾಣಂತಿಗೆ ಕೊಡಲು ಒಂದು ಟಾನಿಕ್ ಶೀಸೆ ಕೈಗಿಟ್ಟರು. ಫ್ಯಾಕ್ಟರಿಯಲ್ಲಿ ಕಬ್ಬು ಇಳಿಸಿ ಬಸರಾಳಿಗೆ ಹಿಂದಿರುಗುವ ಗಾಡಿಯಲ್ಲಿ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ, ಇಂಗ್ಲಿಷ್ ಪಾಠ ಒಪ್ಪಿಸುವವಳ ಹಾಗೆ. ಹಳೆಯ ದೇವಸ್ಥಾನದ ಹತ್ತಿರ ಮನೆ ಕೇಳಿಕೊಂಡು ಹೋದೆ. ಬೀರಮ್ಮ ರಾಗಿ ಕೇರುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದು, ಕೇರುವುದನ್ನು ನಿಲ್ಲಿಸಲಿಲ್ಲ. ನಾನು ಜೋಡಿಸಿಕೊಂಡದ್ದೆಲ್ಲ ಮರೆತೆ. ಆ ಮಾತಿಗೆ ಎರಡು ಅರ್ಥ ಇತ್ತು, ನನಗೆ ಒಂದೇ ಗೊತ್ತಿತ್ತು ಎಂದೆ ಅಷ್ಟೆ.

ಅವರು ಮೊರ ಕೆಳಗಿಟ್ಟರು. "ಎರಡು ಗಂಟೆ ನಾನು ಅಜ್ಜಿಯಾಗಿದ್ದೆ. ನೀನು ಸರ್ಯಾಗಿ ಓದಿದ್ರೆ ಅದೂ ಇರ್ತಿರ್ನಿಲ್ಲ" ಎಂದರು.

ಅದು ಬೈಗುಳವೋ ಅಲ್ಲವೋ ನನಗೆ ಈಗಲೂ ತಿಳಿಯದು. ಊಟಕ್ಕೆ ಎಬ್ಬಿಸಿದರು. ಅವರೆಕಾಳು ಸಾರು, ಮುದ್ದೆ. ಮಗಳು ಒಳಗೆ ಮಲಗಿದ್ದರು, ನಾಡಿ ನೋಡಿದೆ, ಚೆನ್ನಾಗಿತ್ತು. ಹೊರಡುವಾಗ ಬೀರಮ್ಮ, ಮುಂದಿನ ಸಲಕ್ಕೆ ಅಲ್ಲಿಗೇ ಕರ್ಕೊಂಬತ್ತೀನಿ, ಅಷ್ಟೊತ್ತಿಗೆ ಪೂರ್ತಿ ಕಲ್ತ್ಕೊ ಎಂದರು.

ಈಗ ಒಂದು ನೋಟುಬುಕ್ಕು ಹೊಲಿದುಕೊಂಡಿದ್ದೇನೆ. ಒಂದೊಂದು ಪದಕ್ಕೂ ಒಂದು ಇಡೀ ಪುಟ. ಮೊದಲು ಒಂದು ಅರ್ಥ ಬರೆದು ಕೆಳಗೆ ಜಾಗ ಬಿಡುತ್ತೇನೆ, ಇನ್ನೂ ಯಾವುದು ಬರುತ್ತದೋ ಎಂದು. ಬೇರ್ ಎಂಬ ಪದ ಇದೆ. ಹೆರುವುದು ಎಂದು ಬರೆದೆ. ಆಮೇಲೆ ತಾಳಿಕೊಳ್ಳುವುದು ಎಂದು ಸಿಕ್ಕಿತು. ಸರಿ, ಎರಡೂ ಹೆಂಗಸರದೇ ಎಂದುಕೊಂಡೆ. ನಿನ್ನೆ ಮೂರನೆಯದು ಸಿಕ್ಕಿತು, ಕರಡಿ. ಎಂಟು ಜನವೂ ಹೊಟ್ಟೆ ಹಿಡಿದು ನಕ್ಕೆವು. ಮಿಡಲ್ ಸ್ಕೂಲಿನವರು ಈಗ ನನ್ನ ನೋಟುಬುಕ್ಕು ಕೇಳಿ ಒಯ್ಯುತ್ತಾರೆ. ಮೇಷ್ಟ್ರೇ, ನಿಮ್ಮ ತಲೆಯಲ್ಲಿ ಪರೀಕ್ಷೆಗೆ ಬಾರದೆ ಉಳಿದ ಅರ್ಥಗಳು ಎಷ್ಟಿವೆಯೋ ಅಷ್ಟನ್ನೂ ಕಳುಹಿಸಿ.

ಹೊಂಬಾಳಮ್ಮ


ಕಿರುಗಾವಲು
೨೩ ಮಾರ್ಚ್ ೧೯೪೨

ಮಗ ಹೊಂಬಾಳಿ,

ಮೂರು ಸುದ್ದಿ.

ಒಂದು, ಪಕ್ಕದ ಮನೆ ಎಮ್ಮೆ ಕರ ಹಾಕೋಕೆ ತಿಣುಕ್ತಾ ಇತ್ತು. ಬೆಳ್ಳಿ ಅದರ ಮುಂದೆ ನಿಂತು ಪುಸ್, ಪುಸ್ ಅಂತ ಕೂಗ್ತಾ ಇದ್ಲು. ತಳ್ಳು ಅನ್ನೋಕೆ ಇಂಗ್ಲೀಸಂತೆ, ನೀನು ಸಂಕ್ರಾಂತಿಗೆ ಬಂದಾಗ ಕಲ್ಸಿ ಓಗಿದ್ದು. ಕರ ಹಾಕ್ತು. ಈಗ ಅವ್ಳು ಊರೆಲ್ಲ ನಾನೇ ಹೆರಿಗೆ ಮಾಡಿಸ್ದೆ ಅಂತವ್ಳೆ.

ಎರಡು, ಕೆರೆ ಬೀದಿಯೋರ ಮನೆ ಸೊಸೆಗೆ ಓದ ವಾರ ಹೆರಿಗೆ ಆಯ್ತು. ಕೂಸು ಚೆನ್ನಾಗದೆ. ಆದ್ರೆ ನೆತ್ತರು ಸುರಿಯೋಕೆ ಸುರುವಾಯ್ತು. ನಾನು ಹೊಟ್ಟೆ ಉಜ್ತಾ ಉಜ್ತಾ ಗಾಡಿ ಕಟ್ರಿ ಅಂದೆ. ನಿನ್ ಕೈಲಿ ಆಗಾಕಿಲ್ವಾ ಪಟ್ಟಲಮ್ಮ ಅಂತ ಅವಳತ್ತೆ ಕೇಳುದ್ಲು. ಆಗಾಕಿಲ್ಲ ಅಂದೆ. ನನ್ ಜಲ್ಮದಲ್ಲಿ ಮೊದಲ್ನೇ ಸಲ ಕಣವ್ವ ಆ ಮಾತು ಬಾಯಿಂದ ಬಂದಿದ್ದು. ದಾರಿಯುದ್ದಕ್ಕೂ ಕೈ ತೆಗೀನಿಲ್ಲ. ಮಳವಳ್ಳೀಲಿ ಡಾಕ್ಟ್ರು ಹೊಸಬ್ರು, ಯಾವ ಸೀಮೆಯೋರೋ, ಕನ್ನಡ ಬರಾಕಿಲ್ಲ. ನಂಗೋ ಏದುಸ್ರು. ಬ್ಲೀಡಿಂಗು ಅಂದೆ. ಅವ್ರು ಕುರ್ಚಿ ಒದ್ಕೊಂಡು ಎದ್ರು. ಸೂಜಿ ಹಾಕುದ್ರು. ಬದುಕುದ್ಲು. ನೆನ್ನೆ ಅವಳ ಗಂಡ ಒಂದು ಗೊನೆ ಬಾಳೆಹಣ್ಣು ತಂದಿಟ್ಟು ಓದ.

ಮೂರು, ಅಳಿಯನ ಮನೆಗೆ ಓಗಿದ್ದೆ. ಅವ್ನಿಗೆ ಎರಡ್ನೇ ಹೆಂಡ್ತಿ, ಮೂರು ಮಕ್ಕಳು. ಎಲ್ಲಾ ಯೋಳ್ದೆ. ಅವ್ನು ಎದ್ದು ಹಿತ್ಲಿಗೆ ಓದ. ಬತ್ತಾನೋ ಇಲ್ವೋ ಅಂತ ಕೂತಿದ್ದೆ. ಬಂದ. ಗೊತ್ತಿತ್ತು ಅತ್ತೆ, ನಾಕ್ನೇ ಸಲ ನಿಮ್ ದನಿ ಕೇಳ್ದಾಗ್ಲೇ ಗೊತ್ತಾಯ್ತು ಅಂದ.

ಪಟ್ಟಲಮ್ಮ

ತಂಗಿ, ಇವತ್ತು ಅವರು ಎಲ್ಲೂ ನಿಲ್ಲಿಸಲಿಲ್ಲ. ನನ್ನ ಕೈ ನೋಯುವಷ್ಟು ಬೇಗ ಹೇಳಿದರು. ಹೊನ್ನಯ್ಯ.


ಮಂಡ್ಯ
೨೬ ಜೂನ್ ೧೯೪೨

ಅತ್ತೆಯವರಿಗೂ ಮೇಷ್ಟ್ರಿಗೂ ನಮಸ್ಕಾರ.

ಪಾಸಾದೆ. ಎಂಟರಲ್ಲಿ ಬರವಣಿಗೆಯಲ್ಲಿ ಏಳನೆಯವಳು, ಕೈಕೆಲಸದಲ್ಲಿ ಮೊದಲನೆಯವಳು.

ಪರೀಕ್ಷೆಗೆ ಬಂದ ಡಾಕ್ಟರು ಬಿಳಿ ಕೂದಲಿನ ದೊಡ್ಡ ಮನುಷ್ಯರು, ನಮ್ಮ ದೇಶದವರೇ. ಒಳಗೆ ಹೋದಾಗ ಹೆಸರು, ಊರು ಕೇಳಿದರು, ಹೇಳಿದೆ. ಆಮೇಲೆ ಒಂದು ಉದ್ದನೆಯ ಪ್ರಶ್ನೆ. ಅರ್ಧ ಹಿಡಿಯಿತು, ಅರ್ಧ ಜಾರಿತು. ಮೊದಲಿನ ಹೊಂಬಾಳಮ್ಮನಾದರೆ ಹಿಡಿದ ಅರ್ಧಕ್ಕೆ ಉತ್ತರ ಕೊಡುತ್ತಿದ್ದಳು. ನಾನು, ಐ ನಾಟ್ ಅಂಡರ್‌ಸ್ಟ್ಯಾಂಡ್ ಆಲ್, ಪ್ಲೀಸ್ ಟೆಲ್ ಅಗೇನ್ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನಿಧಾನವಾಗಿ ಇನ್ನೊಂದು ಸಲ ಕೇಳಿದರು. ಹಳ್ಳಿಯಲ್ಲಿ ಒಬ್ಬಳೇ ಇರುವಾಗ ಹೆತ್ತವಳಿಗೆ ನೆತ್ತರು ನಿಲ್ಲದಿದ್ದರೆ ಎಷ್ಟು ಹೊತ್ತು ಕಾಯುತ್ತೀಯ ಎಂದು. ಐ ನಾಟ್ ವೇಟ್, ಐ ರಬ್, ಐ ಸೆಂಡ್ ಕಾರ್ಟ್ ಎಂದೆ. ಎ ಇಲ್ಲ, ದಿ ಇಲ್ಲ, ವಿಲ್ ಇಲ್ಲ. ಹೊರಗೆ ಬಂದ ಮೇಲೆ ಎಲ್ಲ ನೆನಪಾಗಿ ತಲೆ ಚಚ್ಚಿಕೊಂಡೆ. ಡಾಕ್ಟರು ಏನಂದರೆಂದು ಕಾಮಾಕ್ಷಮ್ಮನವರು ಆಮೇಲೆ ಹೇಳಿದರು. ಇವಳ ವ್ಯಾಕರಣಕ್ಕೆ ಅರ್ಧ ಮಾರ್ಕು ಕೊಟ್ಟಿದ್ದೇನೆ, ಆದರೆ ನನ್ನ ಮಗಳ ಹೆರಿಗೆಗೆ ಯಾರನ್ನು ಕರೆಯುತ್ತೀಯ ಅಂದರೆ ಇವಳನ್ನೇ, ಅಂದರಂತೆ ಡಾಕ್ಟರು.

ಮಳವಳ್ಳಿ ಆಸ್ಪತ್ರೆಗೆ ಹಾಕಿದ್ದಾರೆ. ಎರಡು ಕೋಣೆಯ ಮನೆ ಕೊಡುತ್ತಾರಂತೆ, ಹಿಂದೆ ಹುಣಸೆ ಮರ ಇದೆ. ಬೆಳ್ಳಿ ಅಲ್ಲಿ ಶಾಲೆಗೆ ಸೇರಬಹುದು. ಅತ್ತೆ, ನೀವೂ ಬರಬೇಕು. ಊರು ಬಿಟ್ಟು ನಾನು ಯಾಕೆ ಬರಲಿ ಎನ್ನುತ್ತೀರಿ ಎಂದು ಗೊತ್ತು. ಈ ಸಲ ನೀವು ಯಾಕೆ ಎಂದು ಕೇಳಬೇಡಿ. ನನಗೆ ಬೇಕು, ಆಯ್ತು.

ಹೊಂಬಾಳಮ್ಮ


ಕಿರುಗಾವಲು
೧೫ ನವೆಂಬರ್ ೧೯೪೨

ಚಿರಂಜೀವಿ ಹೊಂಬಾಳಮ್ಮನಿಗೆ ಹೊನ್ನಯ್ಯನ ಆಶೀರ್ವಾದ.

ನಿಮ್ಮತ್ತೆ ಅಲ್ಲಿಗೆ ಬಂದ ಮೇಲೆ ನನಗೆ ಬರೆಯುವ ಕೆಲಸವೇ ಇಲ್ಲವಾಗಿದೆ. ಆಸ್ಪತ್ರೆಯ ಜಗಲಿಯಲ್ಲಿ ಕಾಯುವವರ ಜೊತೆ ಅವರು ದಿನವೆಲ್ಲ ಕೂತಿರುತ್ತಾರೆ, ಒಳಗೆ ಏನಾಗುತ್ತಿದೆ ಎಂದು ಅವರೇ ಬಂದು ಬಂದು ಹೇಳುತ್ತಾರೆ ಎಂದು ಮಳವಳ್ಳಿ ಸಂತೆಗೆ ಹೋಗಿ ಬಂದವರು ಹೇಳಿದರು. ಕೇಳಿ ಸಂತೋಷವಾಯಿತು.

ಇಷ್ಟು ವರ್ಷ ಊರವರ ಕಷ್ಟಸುಖವನ್ನೆಲ್ಲ ಬರೆದುಕೊಟ್ಟ ಕೈ, ನನ್ನದನ್ನು ಬರೆಯಲು ಮೂರು ದಿನದಿಂದ ಏಳುತ್ತಿಲ್ಲ. ನನ್ನ ಮಗಳು ಚಿಕ್ಕನಂಜಮ್ಮ ಚೊಚ್ಚಲ ಬಸುರಿ. ಸಂಕ್ರಾಂತಿ ಕಳೆದು ದಿನ ತುಂಬುತ್ತದೆ. ಮನೆಯಲ್ಲಿ ಎಲ್ಲರೂ ಇಲ್ಲೇ ಆಗಲಿ, ಆಸ್ಪತ್ರೆ ಯಾಕೆ ಎನ್ನುತ್ತಾರೆ. ನಿಮ್ಮತ್ತೆಯ ಆ ಕಾಗದ ಬರೆದವನು ನಾನು, ಹಾಗೆ ಅನ್ನಲಾರೆ. ಹತ್ತು ದಿನ ಮೊದಲೇ ಕರೆತಂದರೆ ನಿಮ್ಮ ಮನೆಯಲ್ಲಿ ಜಾಗ ಆದೀತೆ? ನನಗೆ ಭಯವಾಗಿದೆ ತಂಗಿ.

ಹೊನ್ನಯ್ಯ


ಮಳವಳ್ಳಿ
೧೯ ಜನವರಿ ೧೯೪೩

ಮೇಸ್ಟ್ರಿಗೆ ಪಟ್ಟಲಮ್ಮ ಯೋಳಿ ಬರೆಸೋದು. ಬರೆಯೋಳು ಹೊಂಬಾಳಿ. ಅಂಗಂಗೇ ಬರಿ, ಚೆಂದ ಮಾಡ್ಬ್ಯಾಡ ಅಂದಿವ್ನಿ.

ಮೊದ್ಲು ಇದು ಓದ್ಕಳಿ. ಚಿಕ್ಕನಂಜಿ ಚೆನ್ನಾಗವ್ಳೆ. ಕೂಸು ಚೆನ್ನಾಗದೆ. ಹೆಣ್ಣು. ಓದಿದ್ರಾ? ಇನ್ನೊಂದು ಸಲ ಓದಿ, ಆಮೇಲೆ ಮುಂದಕ್ಕೆ ಓಗಿ.

ನೀವು ಇನ್ಸ್‌ಪೆಕ್ಟ್ರು ಬತ್ತಾರೆ ಅಂತ ಸಾಲೆಗೆ ತಿರುಗಿ ಓದ ಮಾರ್ನೇ ದಿನಾನೇ ಬೇನೆ ಸುರುವಾಯ್ತು. ಕಾಯೋಕೆ ನಿಮ್ ಹೆಂಡ್ತಿ ಇದ್ರು, ನಾನಿದ್ದೆ. ಸುಸೂತ್ರವಾಗಿ ಆಯ್ತು ಅಂತ ಬರೀರಿ, ಅವ್ರು ಹೆದರ್ಕತಾರೆ ಅಂತ ನಿಮ್ ಹೆಂಡ್ತಿ ಯೋಳುದ್ರು. ನಾನು ಅಂಗೆ ಬರೆಸಾಕಿಲ್ಲ. ಸುಸೂತ್ರ ಆಗ್ನಿಲ್ಲ. ಬಳ್ಳಿ ಕೊರಳಿಗೆ ಸುತ್ಕೊಂಡಿತ್ತು. ಹುಟ್ಟುದಾಗ ಕೂಸು ನೀಲಿಯಾಗಿತ್ತು, ಅಳ್ನಿಲ್ಲ. ನಾನು ಒಳಗೆ ಓದೆ, ನೋಡ್ದೆ, ಹೊರಗೆ ಬಂದು ನಿಮ್ ಹೆಂಡ್ತಿ ಕೈ ಹಿಡ್ಕೊಂಡು ಇದ್ದುದ್ದ ಇದ್ದಂಗೇ ಯೋಳ್ದೆ. ಕೂಸು ಇನ್ನೂ ಉಸುರು ಎಳ್ದಿಲ್ಲ, ಹೊಂಬಾಳಿ ಮಾಡ್ತಾವ್ಳೆ, ಏನಾಗ್ತದೋ ನಂಗೊತ್ತಿಲ್ಲ ಅಂತ. ಅವ್ರು ನನ್ ಕೈ ಬಿಡ್ನಿಲ್ಲ. ಹೊಂಬಾಳಿ ಬಾಯಿ ತೊಡೆದು, ಬೆನ್ನು ಉಜ್ಜಿ, ತನ್ನ ಉಸುರು ಊದುದ್ಲು. ಡಾಕ್ಟ್ರು ತಾಯಿ ಕಡೆ ನೋಡ್ಕಂಡ್ರು. ಎಷ್ಟೊತ್ತು ಅಂತ ಕೇಳ್ಬ್ಯಾಡಿ, ನಂಗೆ ಗೊತ್ತಿಲ್ಲ. ಆಮೇಲೆ ಒಂದು ಸಲ ಬಿಕ್ತು. ಆಮೇಲೆ ಅಳ್ತು.

ಇಷ್ಟು ಆಗಿದ್ದು. ಕಮ್ಮಿ ಯೋಳಿಲ್ಲ, ಜಾಸ್ತಿ ಯೋಳಿಲ್ಲ.

ಕೂಸಿಗೆ ಮೂಗು ನಿಮ್ದೇ. ಬೆಳ್ಳಿ ಅದಕ್ಕೆ ಇಂಗ್ಲೀಸಲ್ಲಿ ಎಣಿಸೋದು ಕಲಿಸ್ತೀನಿ ಅಂತ ತೊಟ್ಲು ಬಿಟ್ಟು ಏಳ್ತಿಲ್ಲ. ಇನ್ಸ್‌ಪೆಕ್ಟ್ರು ಓದ್ಮೇಲೆ ಬನ್ನಿ. ಬರೋವಾಗ ಒಸಿ ಬೆಲ್ಲ ತನ್ನಿ, ಇಲ್ಲಿ ಒಳ್ಳೇದು ಸಿಕ್ತಿಲ್ಲ.

ಹೊಂಬಾಳಿ ಒಂದು ಗಳಿಗೆಯಿಂದ ಬರೀದೆ ಸುಮ್ನೆ ಕೂತವ್ಳೆ, ಕಣ್ಣು ಒರೆಸ್ಕೊಂಡು. ಬರಿ ಅಂದೆ, ಬರೀತಾವ್ಳೆ.

ಒಳಗೆ ಕೂಸು ಅಳ್ತಾ ಅದೆ. ಎತ್ಕೊಬೇಕು, ಓಯ್ತೀನಿ.

ಪಟ್ಟಲಮ್ಮ